ದಿಂಬಿನಲ್ಲಿ ಬೂರುಗದ ಬೀಜ

ಪಾಂಗಾನಿ
10 ಮಾರ್ಚ್ 1996

ನನ್ನ ಹಿದಾಯಾ,

ನಿನ್ನ ಕಾಗದಕ್ಕೆ ತಡವಾಗಿ ಉತ್ತರಿಸುತ್ತಿದ್ದೇನೆ. ಬರೆಯಲು ಕೂತಾಗಲೆಲ್ಲ ನಿನ್ನ ಒಂದೇ ಸಾಲು ಅಡ್ಡ ಬಂದು ನಿಲ್ಲುತ್ತಿತ್ತು: ಅಮ್ಮಾ, ಅಪ್ಪನಿಗಾಗಿ ಮಯ್ಯತ್ತಿನ ನಮಾಜು ಮಾಡಿಸಲು ಒಪ್ಪಿಕೋ. ನೀನು ನರ್ಸಿಂಗ್ ಓದುವವಳು, ಸಾವನ್ನು ಮುಟ್ಟಿ ನೋಡುತ್ತೀಯ. ನಾನು ಭೂಗೋಳ ಕಲಿಸುವವಳು. ನನ್ನ ನಕ್ಷೆಯಲ್ಲಿ ಪಾಂಗಾನಿಗೂ ಪೆಂಬಾ ದ್ವೀಪಕ್ಕೂ ನಡುವೆ ಇರುವುದು ಎರಡು ಬೆರಳಗಲದ ನೀಲಿ ಬಣ್ಣ. ಅಷ್ಟರೊಳಗೆ ನಿನ್ನ ಅಪ್ಪ ತೆಂಗಿನಕಾಯಿ ಹೇರಿಕೊಂಡು ಹೋದ ಒಂದು ಹಾಯಿದೋಣಿ ಇಲ್ಲವಾಗುತ್ತದೆಂದರೆ ನಂಬುವುದು ಹೇಗೆ? ಹೋದ ವರ್ಷದ ತೆಂಕಣ ಗಾಳಿಯ ಕಾಲದಿಂದಲೂ ನಾನು ಎಲ್ಲರಿಗೂ ಹೇಳುತ್ತಾ ಬಂದದ್ದು ಒಂದೇ ಮಾತು: ದೇಹ ಸಿಕ್ಕದೆ ನಾನು ವಿಧವೆಯಾಗುವುದಿಲ್ಲ, ಇದ್ದತ್‌ಗೆ ನಾಲ್ಕು ತಿಂಗಳು ಹತ್ತು ದಿನ ಒಳಗೆ ಕೂರುವುದಿಲ್ಲ.

ಉತ್ತರ ಹೇಳುವ ಮೊದಲು ಒಂದು ದಿಂಬಿನ ವಿಷಯ ಹೇಳಬೇಕು.

ನಿನಗೆ ಗೊತ್ತಲ್ಲ, ಈ ಊರಿನ ಮದುಮಗಳು ತಾನೇ ಕಸೂತಿ ಹಾಕಿದ ದಿಂಬು ತರದೆ ಗಂಡನ ಮನೆಯ ಹೊಸ್ತಿಲು ದಾಟುವುದಿಲ್ಲ. ನಾನು ತಂದದ್ದು ಮೋಶಿ ಪೇಟೆಯ ಅಂಗಡಿಯದು. ನಿನ್ನ ಅಜ್ಜಿ ಅದನ್ನು ಅಂಗೈಯಲ್ಲಿ ತೂಗಿ ನೋಡಿ, "ಟೀಚರಮ್ಮ ಇಂಗ್ಲಿಷ್ ತಂದಿದಾಳೆ, ಬಿಡಿ. ನಮ್ಮ ಶೈಬು ಅದರ ಮೇಲೇ ತಲೆ ಇಟ್ಕೊಂಡು ಮಲಗ್ತಾನೆ" ಅಂದಿದ್ದರು. ನಿನ್ನ ಅಪ್ಪ ಆಮೇಲೆ ಎಷ್ಟೋ ವರ್ಷ, ದಿಂಬಿಗೆ ತಲೆ ಕೊಡುವಾಗ "ಗುಡ್ ನೈಟ್, ಇಂಗ್ಲಿಷ್" ಎಂದು ಅದಕ್ಕೆ ಹೇಳುತ್ತಿದ್ದರು.

ಈದ್ ಕಳೆದ ಮೇಲೆ ಒಂದು ಬೆಳಿಗ್ಗೆ ನಾನೇ ಅಜ್ಜಿಯ ಬಳಿ ಹೋಗಿ, ಕಸೂತಿ ಹೇಳಿಕೊಡಿ ಅಂದೆ. ನಿನ್ನ ಅಪ್ಪ ಬರುವಷ್ಟರಲ್ಲಿ ಒಂದು ದಿಂಬು ಸಿದ್ಧವಾಗಬೇಕು, "ರೂದಿ ಸಲಾಮಾ" ಎಂದು ಬರೆದಿರಬೇಕು, ಕ್ಷೇಮವಾಗಿ ಮರಳಿ ಬಾ ಎಂದು. ಅಜ್ಜಿ ಅಕ್ಕಿ ಆರಿಸುವುದನ್ನು ನಿಲ್ಲಿಸಿ ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒಳಗಿನಿಂದ ಬಿಳಿ ಬಟ್ಟೆ ತಂದರು.

ನಾನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡದ್ದನ್ನು ನೋಡಿ, "ಇದೇನೇ, ಮರಳ ಮೇಲೆ ಏಡಿ ಓಡಾಡಿದಂಗಿದೆ. ದಿಂಬಿಗೆ ನಮ್ಮ ಅಕ್ಷರಾನೇ ಚೆಂದ" ಎಂದು ಸೀಸದಕಡ್ಡಿ ಕಸಿದುಕೊಂಡರು. ನಮ್ಮ ಮಾತನ್ನೇ ಅರಬಿ ಲಿಪಿಯಲ್ಲಿ ಬರೆಯುವುದು ಹಳೆಯ ಹೆಂಗಸರ ರೂಢಿ. ಆ ಲಿಪಿ ನನಗೆ ಓದಲು ಬಾರದು. ಬೇರೆ ಮಕ್ಕಳು ಮದರಸಾದಲ್ಲಿ ಅಕ್ಷರ ತಿದ್ದುವಾಗ ನಾನು ಕ್ರೈಸ್ತ ಸನ್ಯಾಸಿನಿಯರ ಹಾಸ್ಟೆಲಿನಲ್ಲಿದ್ದೆ. ಕುರಾನಿನ ಸೂರಾಗಳೆಲ್ಲ ಬಾಯಿಪಾಠ, ಕಣ್ಣಿಗೆ ಮಾತ್ರ ಅವು ಬಳ್ಳಿಗಳು. ಅಜ್ಜಿ ಬರೆದ ಎರಡು ಬಳ್ಳಿಗಳ ಮೇಲೆ ನಾನು ಸೂಜಿ ಇಟ್ಟೆ.

ನನ್ನ ಕೈಯ ಅವಸ್ಥೆ ಕೇಳಬೇಡ. ದಾರ ಉದ್ದ ತೆಗೆದುಕೊಂಡರೆ ಗಂಟು, ಬಿಗಿಯಾಗಿ ಎಳೆದರೆ ಬಟ್ಟೆ ಸುಕ್ಕು. ಒಂದು ಸಂಜೆ ಒಂದು ಎಲೆ ಮುಗಿಯಿತೆಂದು ಹೆಮ್ಮೆಯಿಂದ ಎದ್ದರೆ, ದಿಂಬಿನ ಬಟ್ಟೆ ನಾನು ಉಟ್ಟ ಕಾಂಗಾದ ಜೊತೆಗೇ ಎದ್ದು ಬಂತು. ಎರಡನ್ನೂ ಸೇರಿಸಿ ಹೊಲಿದಿದ್ದೆ. "ಅಯ್ಯೋ, ದಿಂಬನ್ನೇ ಉಟ್ಕೊಂಡು ಸ್ಕೂಲಿಗೆ ಹೋಗ್ತೀಯೇನೇ!" ಎಂದು ಅಜ್ಜಿ ನಕ್ಕರು. ನಾನೂ ನಕ್ಕೆ. ಆಮೇಲೆ ಇಬ್ಬರೂ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ ದಾರ ಬಿಡಿಸಲು ಕೂತೆವು.

ಹೊಲಿಯುವಾಗ ಪ್ರತಿ ಕುಣಿಕೆಗೂ ಮನಸ್ಸಿನಲ್ಲಿ "ರೂದಿ" ಅನ್ನುತ್ತಿದ್ದೆ. ಬಾ, ಬಾ. ಇದು ಭಕ್ತಿಯೋ ಹಟವೋ ನನಗೆ ಈಗಲೂ ತಿಳಿಯದು.

ಮುಗಿದ ಮರುದಿನ ನಿನ್ನ ಸೋದರತ್ತೆ ಮ್ವಾನಾಯಿದಿ ಮಂದಾಜಿ ಕರಿದು ತಂದಿದ್ದಳು. ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡು ಓದಿದವಳೇ ಬಾಯಿಗೆ ಸೆರಗು ಒತ್ತಿದಳು.

"ಅತ್ತಿಗೇ, ಕೊನೆಗೂ ಒಪ್ಕೊಂಡ್ಯಾ? ನನ್ನಣ್ಣನ್ನ ಬಿಟ್ಟುಕೊಟ್ಯಾ?"

"ಏನು ಒಪ್ಕೊಂಡೆ?"

"ನೀನೇ ಹೊಲಿದಿದೀಯಲ್ಲ. ಲಾಲಾ ಸಲಾಮಾ."

ಕ್ಷೇಮವಾಗಿ ಮಲಗು. ನಿನ್ನನ್ನು ತೊಟ್ಟಿಲಿಗೆ ಹಾಕುವಾಗ ಹೇಳುತ್ತಿದ್ದ ಮಾತು. ಹಸಿ ಗೋರಿಯ ಮೇಲೆ ಕೊನೆಯ ಹಿಡಿ ಮಣ್ಣು ಹಾಕುವಾಗಲೂ ಇದನ್ನೇ ಹೇಳುತ್ತಾರೆ. ಬಾ ಬಾ ಎನ್ನುತ್ತಾ ನಾನು ನಿನ್ನ ಅಪ್ಪನ ಮೇಲೆ ಮಣ್ಣು ಎಳೆಯುತ್ತಿದ್ದೆ, ಹಿದಾಯಾ. ಅದೂ ನೀಲಿ ರೇಷ್ಮೆ ದಾರದಲ್ಲಿ, ಅಂಚಿಗೆ ಹೂ ಬಿಡಿಸಿ.

ಬಟ್ಟೆಯನ್ನು ಅಜ್ಜಿಯ ಮುಂದೆ ಎಸೆದು ಕೂಗಾಡಿದೆ. ನನ್ನ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯಲಾರೆ. ಅವರು ತಲೆ ಎತ್ತಲೇ ಇಲ್ಲ.

"ನೀನು ಕಾಯ್ತಿದೀಯ ಅಂತ ಈ ಮನೇಲಿ ಯಾರೂ ಅಳೋ ಹಂಗಿಲ್ಲ. ಹೆತ್ತೋಳು ನಾನು. ಅಡುಗೆಮನೆ ಹೊಗೇಲಿ ಕೂತು, ಹೊಗೆ ಅಂತ ಸುಳ್ಳು ಹೇಳ್ಕೊಂಡು ಅತ್ತಿದೀನಿ. ಆ ಸಮುದ್ರ ಅವನದೊಂದು ಎಳೆ ದಾರಾನಾದ್ರೂ ಕೊಟ್ಟಿದ್ರೆ ಮಡಿಲಲ್ಲಿ ಇಟ್ಕೊಂಡು ಗಂಟಲು ಬಿಚ್ತಿದ್ದೆ. ಅದೂ ಕೊಡ್ಲಿಲ್ಲ. ನಿನ್ನ ಕೈಯಿಂದಾದ್ರೂ ಅವನಿಗೆ ಮಲಗು ಅಂತ ಒಂದು ಮಾತು ಹೇಳಿಸೋಣ ಅಂದ್ಕೊಂಡೆ."

ನಾನು ಕತ್ತರಿ ತಂದು ಅವರ ಎದುರೇ ಕೂತು ಮೊದಲ ಪದವನ್ನು ಬಿಚ್ಚಿದೆ. ಹೊಲಿಯಲು ವಾರಗಳು ಬೇಕಾಗಿದ್ದವು. ಬಿಚ್ಚುವಷ್ಟರಲ್ಲಿ ಒಲೆಯ ಮೇಲಿನ ಅನ್ನ ಕೂಡ ಬೆಂದಿರಲಿಲ್ಲ. ಸೀಸದಕಡ್ಡಿಯನ್ನು ಅವರ ಕೈಗಿಟ್ಟು, ಈಗ ರೂದಿ ಎಂದು ಬರೆಯಿರಿ ಅಂದೆ. ಅವರು ಕಡ್ಡಿಯನ್ನು ಬಟ್ಟೆಗೆ ತಾಗಿಸಿದರು. ಕೈ ಸರಿಯಲಿಲ್ಲ. ಕಡ್ಡಿಯನ್ನು ಕೆಳಗಿಟ್ಟು, "ಆ ಪದ ಹೆಂಗೆ ಬರೀತಾರೋ ಮರ್ತೋಯ್ತು ಕಣೇ" ಅಂದರು.

ಮರೆತಿರಲಿಲ್ಲ. ಅದು ನನಗೂ ಗೊತ್ತು, ಅವರಿಗೂ ಗೊತ್ತು. ಬೇರೆ ಯಾರ ಕೈಯಲ್ಲಾದರೂ ಬರೆಸಬಹುದಿತ್ತು. ಕೇಳಲು ಹೊರಟು ಬಾಗಿಲವರೆಗೆ ಹೋದವಳು ಅಲ್ಲೇ ನಿಂತೆ.

ಈಗ ದಿಂಬಿನ ಮೇಲೆ "ಸಲಾಮಾ" ಒಂದೇ ಇದೆ. ಅದರ ಪಕ್ಕದಲ್ಲಿ ಖಾಲಿ ಜಾಗ. ಖಾಲಿ ಅಂತಲೂ ಹೇಳುವಂತಿಲ್ಲ: ಬಿಗಿಯಾಗಿ ಎಳೆದ ಹೊಸಬಳ ಹೊಲಿಗೆ, ಸೂಜಿ ತೂತುಗಳು ಮುಚ್ಚಿಕೊಂಡಿಲ್ಲ. ಬೆರಳಾಡಿಸಿದರೆ ಲಾಲಾ ಅಲ್ಲೇ ಇದೆ. ಅರಬಿ ಲಿಪಿಯಲ್ಲಿ ನಾನು ಓದಲು ಕಲಿತ ಮೊದಲ ಪದ ಅದು.

ಮರುದಿನ ಬೂರುಗದ ಹತ್ತಿ ತುಂಬಿ ಬಾಯಿ ಹೊಲಿದು ಅಜ್ಜಿಗೇ ಕೊಟ್ಟೆ. ಅವರು ಈಗ ಅದರ ಮೇಲೆಯೇ ಮಲಗುತ್ತಾರೆ. "ಟೀಚರಮ್ಮ, ಬೀಜ ತೆಗೀದೇ ತುಂಬಿದೀಯಲ್ಲೇ, ಕೆನ್ನೆಗೆ ಏನೋ ಒತ್ತುತ್ತೆ" ಎಂದು ಗೊಣಗುತ್ತಾರೆ. ಬಿಚ್ಚಿ ಸರಿಮಾಡಿಕೊಡುತ್ತೇನೆ ಅಂದರೆ ಮಾತ್ರ ಕೊಡುವುದಿಲ್ಲ.

ಇನ್ನು ನಿನ್ನ ಪ್ರಶ್ನೆಗೆ ಉತ್ತರ. ನಿನ್ನೆ ಮಸೀದಿಯ ಹಿರಿಯರಿಗೆ ಹೇಳಿ ಕಳಿಸಿದೆ. ಬರುವ ಶುಕ್ರವಾರವಲ್ಲ, ಅದರ ಮುಂದಿನ ಶುಕ್ರವಾರ, ನೀನು ಬಂದ ಮೇಲೆ ನಮಾಜು. ಅಂದಿನಿಂದ ನಾನು ಒಳಗೆ ಕೂರುತ್ತೇನೆ. ನೀನು ಕೇಳಿದ್ದು ಇದನ್ನೇ ಅಲ್ಲವೇ? ಹಾಗಿದ್ದೂ ಇದನ್ನು ಓದಿ ನಿನಗೆ ಸಮಾಧಾನವಾಗದಿರಲಿ ಎಂದು ಒಳಗೊಳಗೇ ಬಯಸುತ್ತಿದ್ದೇನೆ. ಎಂಥ ತಾಯಿ ನಾನು. ಒಪ್ಪಿಕೊಂಡರೆ ಅಳು ಬರುತ್ತದೆ, ಎದೆ ಹಗುರವಾಗುತ್ತದೆ ಎಂದು ಮ್ವಾನಾಯಿದಿ ಹೇಳಿದ್ದಳು. ಏನೂ ಬರಲಿಲ್ಲ. ಬಂದರಿನ ಕಡೆಯ ಕಿಟಕಿ ಮುಚ್ಚಿದೆ. ಮುಚ್ಚಿದ ಕಿಟಕಿಯ ಮುಂದೆಯೂ ಹಾಗೆಯೇ ನಿಂತಿರುತ್ತೇನೆ.

ಬಸ್ಸಿನಲ್ಲಿ ಏನಾದರೂ ತಿಂದುಕೊಂಡು ಬಾ.

ನಿನ್ನ ಬರವಿನ ಹಾದಿಯನ್ನಷ್ಟೇ ಇನ್ನು ಕಾಯುವ
ಅಮ್ಮ, ರುಕಿಯಾ

ಮರೆತಿದ್ದು: ಅಜ್ಜಿಯ ಕೆನ್ನೆಗೆ ಒತ್ತುತ್ತಿರುವುದು ಬೂರುಗದ ಬೀಜವಲ್ಲ. ಹತ್ತಿಯ ಜೊತೆ ನಾನು ಒಳಗಿಟ್ಟು ಹೊಲಿದ ನಿನ್ನ ಅಪ್ಪನ ಕೋಫಿಯಾ ಟೋಪಿ. ದೋಣಿ ಕಾಣೆಯಾದ ಮರುತಿಂಗಳೇ ಪೆಂಬಾದ ಮೀನುಗಾರನೊಬ್ಬ ಶಾಲೆಯ ಗೇಟಿಗೆ ತಂದು ಕೊಟ್ಟ. ದಡದ ಉಪ್ಪುನೀರಿನ ಕಾಂಡ್ಲಾ ಗಿಡದ ಬೇರಿಗೆ ಸಿಕ್ಕಿಕೊಂಡಿತ್ತಂತೆ. ಅದರ ಕಸೂತಿ ಅಜ್ಜಿಯದೇ, ನಾನು ಯಾರಿಗೂ ತೋರಿಸಲಿಲ್ಲ. ಎಳೆ ದಾರಾನಾದ್ರೂ ಎಂದು ಅವರು ಅಂದ ದಿನವೂ ಅದು ನನ್ನ ಪೆಟ್ಟಿಗೆಯಲ್ಲಿತ್ತು, ನಾನು ಬಾಯಿ ಬಿಡಲಿಲ್ಲ. ದಿಂಬಿನ ಬಾಯಿ ಬಿಚ್ಚುವ ಕೆಲಸ ನಿನಗೆ ಬಿಟ್ಟಿದ್ದೇನೆ. ನನ್ನ ಗಂಟುಗಳು ಬಿಗಿ, ಚೂಪಾದ ಕತ್ತರಿ ತಾ.