ಗಂಧದಡಿಯ ಮೋಟಾರ್ ಸೈಕಲ್ಲು

ಶೀಳನೆರೆ
20-9-2025

ಚಿನ್ನು ಮಗಳೇ,

ನಿನಗೂ ಅಳಿಯಂದಿರಿಗೂ ಅಮ್ಮನ ಅಕ್ಕರೆ. ಫೋನಿನಲ್ಲೇ ಹೇಳೋಣವೆಂದರೆ ನಿನ್ನಜ್ಜಿ ಪಕ್ಕದಿಂದ ಏಳುವುದೇ ಇಲ್ಲ. ಅದಕ್ಕೇ ಈ ಕಾಗದ.

ಎಡೆಗೆ ಇಡುವ ಫೋಟೋದಲ್ಲಿ ನಿನ್ನ ತಾತ ಕೂತಿರುವ ಗಾಡಿ ಯಾವುದು, ಅಂಥದ್ದೇ ಒಂದು ಹುಡುಕಿ ಕೊಳ್ಳುತ್ತೇವೆ ಎಂದು ಬೆನ್ನು ಹತ್ತಿದೆಯಲ್ಲ. ಅವ್ವ ಯಾವಾಗಲೂ ಜಾವಾ ಅನ್ನುತ್ತಿದ್ದಳು. ಯಾವುದಕ್ಕೂ ಇರಲಿ ಎಂದು ಶ್ರೀರಂಗಪಟ್ಟಣದಲ್ಲಿ ಹಳೇ ಬೈಕು ರಿಪೇರಿ ಮಾಡುವ ಶ್ರೀಕರನ ಹತ್ತಿರ ಫೋಟೋ ಒಯ್ದೆ. ವರ್ಷಾ ವರ್ಷ ಎಡೆ ಇಡುವಾಗ ಅವ್ವ ಗಾಜಿನ ಮೇಲೆ ಗಂಧ ಬಳಿದು ಬಳಿದು ಪೆಟ್ರೋಲ್ ಟ್ಯಾಂಕೇ ಮುಚ್ಚಿಹೋಗಿತ್ತು. ಅವನು ಒದ್ದೆ ಬಟ್ಟೆಯಲ್ಲಿ ಒರೆಸಿದ. ಅಕ್ಷರ ಕಂಡವು.

"ಜಾವಾ ಅಲ್ಲಮ್ಮ, ಇದು ಯೆಜ್ಡಿ. ಈ ಹೆಸರು ಬಂದಿದ್ದೇ ಎಪ್ಪತ್ಮೂರರಲ್ಲಿ," ಅಂದ.

ಬೆರಳು ಮಡಿಸಿ ವರ್ಷ ಲೆಕ್ಕ ಹಾಕಿದೆ. ಅಪ್ಪ ಪಾಂಡವಪುರದ ಕಾರ್ಖಾನೆಗೆ ಕಬ್ಬು ಹಾಕಲು ಹೋಗಿ ನಾಲೆಗೆ ಬಿದ್ದದ್ದು ಎಪ್ಪತ್ತೊಂದರಲ್ಲಿ. ದಡದಲ್ಲಿ ಅಂಗಿ ಸಿಕ್ಕಿತು, ಹೆಣ ಸಿಗಲಿಲ್ಲ. ಹುಲ್ಲಿನ ಬೊಂಬೆ ಮಾಡಿ ಮಣ್ಣು ಮಾಡಿದರು, ತಿಥಿಯೂ ಆಯಿತು. ಆಗ ನನಗೆ ನಾಲ್ಕು ವರ್ಷ.

ಸತ್ತವನು ಹೊಸ ಗಾಡಿ ಹತ್ತುತ್ತಾನೆಯೇ? ಇಲ್ಲಾ, ಬದುಕಿದ್ದೂ ನಮ್ಮನ್ನು ಬಿಟ್ಟುಹೋದನೇ? ಬಸ್ಸಿನಲ್ಲೆಲ್ಲ ಇದೇ ಯೋಚನೆ. ಮನೆಗೆ ಬಂದವಳೇ ಅವ್ವನನ್ನು ಕೇಳಿಬಿಟ್ಟೆ. ಒರೆಸಿದ ಗಾಜು ನೋಡಿ ಬೈಯುತ್ತಾಳೆ ಅಂದುಕೊಂಡಿದ್ದೆ. ಕಡ್ಲೆಕಾಯಿ ಬಿಡಿಸುತ್ತಲೇ ಹೇಳಿದಳು:

"ಮೂರನೇ ವರ್ಸ ಎಡೆ ದಿನ ಬಂದಿದ್ದ ಕಣವ್ವ, ಆ ಗಾಡೀಲೇ. ಫೋಟ ಕೈಗೆ ಕೊಟ್ಟ. ಒಳಗೆ ಅವನ್ಗೇ ಎಡೆ ಇಕ್ಕಿ ಬಾಗ್ಲು ಆಕಿದ್ದೆ. ನಿನ್ ತಿಥಿ ಆಗೋಯ್ತು, ಸತ್ತೋನು ಒಸ್ಲು ದಾಟ್ಬಾರ್ದು, ಓಗು ಅಂದೆ."

"ಬದುಕಿದ್ದನೇನವ್ವಾ?"

"ನೆರಳು ಬಿದ್ದಿತ್ತಾ ಅಂತ ನೋಡ್ನಿಲ್ಲ. ನೋಡಿದ್ರೆ ಒಳೀಕೆ ಕರೀಬೇಕಾಯ್ತಿತ್ತು."

ಅಯ್ಯೋ ಚಿನ್ನು, ಅವಳ ಮುಂದೆಯೇ ಅತ್ತುಬಿಟ್ಟೆ. ಅಪ್ಪ ಬಾಗಿಲ ತನಕ ಬಂದಿದ್ದ, ನಾನು ಎಲ್ಲೋ ಆಡಿಕೊಂಡಿದ್ದೆ. ಸಿಟ್ಟೂ ಬಂತು, ಅವಳನ್ನು ಕಂಡು ಕರುಳೂ ಚುರುಕ್ಕೆಂದಿತು. ಆ ಗಾಡಿಯ ಆಸೆ ಬಿಡು ಮಗಳೇ. ಕೊಂಡರೂ ಅದರಲ್ಲಿ ಈ ಊರಿಗೆ ಮಾತ್ರ ಬರಬೇಡಿ. ನಾಳೆ ಮಹಾಲಯ ಅಮಾವಾಸ್ಯೆ, ಎಡೆಗೆ ಎಲ್ಲ ತಂದಿಟ್ಟಿದ್ದೇನೆ.

ನಿನ್ನಮ್ಮ,
ಇಂದ್ರಾಣಿ

ಮತ್ತೆ: ಕಾಗದ ಇನ್ನೂ ಅಂಚೆಗೆ ಹಾಕಿಲ್ಲ. ಇವತ್ತು ಅಮಾವಾಸ್ಯೆ. ಅಡುಗೆಯೆಲ್ಲ ಆದಮೇಲೆ ಅವ್ವ ಎಡೆ ಬೇಡವೆಂದಳು. ಬೀದಿಬಾಗಿಲು ತೆರೆದು, ಕಾಲು ತೊಳೆಯಲು ಚೊಂಬಿನಲ್ಲಿ ನೀರಿಟ್ಟು, ನನ್ನನ್ನು ಜಗುಲಿಯಲ್ಲಿ ಕೂರಿಸಿದ್ದಾಳೆ. ಸತ್ತವನೇ ಬಂದರೆ ಏನು ಮಾಡಲಿ ಎಂದು ಕೇಳಿದೆ. "ಯಾರಾರ ಆಗ್ಲಿ, ಕೂರ್ಸಿ ಉಣ್ಣಾಕಿಕ್ಕು. ನಾನಂತೂ ಅವತ್ತು ಇಕ್ನಿಲ್ಲ," ಅಂದಳು.