ಕದ್ದ ಸಿನಿಮಾಗಳಿಗೆ ತಣ್ಣನೆಯ ಕೋಣೆ, ನನ್ನ ಕೂಸಿಗೆ ಬೀಸಣಿಗೆ

ಕಳ್ಳಪ್ರತಿ ತಡೆ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ದಯವಿಟ್ಟು ನನ್ನ ಮೈದುನನ ಅಂಗಡಿ ಮುಚ್ಚಿಸಿ. ಅಂಗಡಿ ಎಂದರೆ ನಮ್ಮ ಮನೆಯಲ್ಲಿ ಎಸಿ ಇರುವ ಒಂದೇ ಒಂದು ಕೋಣೆ. ಅಲ್ಲಿಂದಲೇ ಅವನು ಇಂಟರ್ನೆಟ್ಟಿನಲ್ಲಿ ಊರವರಿಗೆಲ್ಲ ಕದ್ದ ಸಿನಿಮಾ ತೋರಿಸುತ್ತಾನೆ. ಮಗು ಬರುತ್ತದೆಂದು ನಾವು ಹಾಕಿಸಿದ ಎಸಿಯ ಕೆಳಗೆ ಈಗ ಅವನ ಸರ್ವರ್ ಪೆಟ್ಟಿಗೆಗಳು ತಣ್ಣಗೆ ಕೂತಿವೆ. ಎರಡು ತಿಂಗಳ ನನ್ನ ಮಗಳು ನಡುಮನೆಯಲ್ಲಿ ಮೈತುಂಬ ಬೆವರುಸಾಲೆ ಎದ್ದು ಚೀರುತ್ತಿದ್ದಾಳೆ. ಈ ದೂರನ್ನು ನಿಮ್ಮ ಜಾಲತಾಣದಲ್ಲೇ ಕೊಡಬೇಕೆಂದಿದ್ದೆ. ಪುಟ ತೆರೆಯಲೇ ಇಲ್ಲ. ಮೈದುನ ಹಿಂದಿನಿಂದ ಇಣುಕಿ, "ಅಯ್ಯೋ ಅತ್ತಿಗೆ, ನಾಲ್ಕು ಜನ ಬಂದ್ರೆ ತಡ್ಕೊಳ್ಳಲ್ವಾ ಇವರ ಸೈಟು?" ಎಂದು ನಿಮಗಾಗಿ ಮರುಗಿದ. ಹಾಗಾಗಿ ಪತ್ರಿಕೆಯ ಮೊರೆ ಹೊಕ್ಕಿದ್ದೇನೆ.

ಕದ್ದು ತೋರಿಸುವುದು ಸುಲಭದ ಕೆಲಸವೆಂದುಕೊಂಡಿದ್ದೀರಾ? ಹೊಟ್ಟೆ ಉರಿದರೂ ಹೇಳುತ್ತೇನೆ, ಇಷ್ಟು ನಿಯತ್ತಿನ ದುಡಿಮೆಯನ್ನು ನಾನು ಯಾವ ಕಚೇರಿಯಲ್ಲೂ ಕಂಡಿಲ್ಲ. ಒಂದೇ ಸಿನಿಮಾವನ್ನು ಗೋಡೆಯಗಲದ ಟಿವಿಗೊಂದು ಅಳತೆ, ಅಂಗೈಯಗಲದ ಮೊಬೈಲಿಗೊಂದು ಅಳತೆ ಎಂದು ಬಗೆಬಗೆಯಾಗಿ ತಯಾರಿಸಿಡಬೇಕು. ಒಂದು ಡಿಸ್ಕ್ ಸತ್ತರೆ ಇನ್ನೊಂದರಲ್ಲಿ ಪ್ರತಿ ಇರಬೇಕು. ಒಂದು ಕಂಪನಿಯ ಇಂಟರ್ನೆಟ್ ಕೈಕೊಟ್ಟರೆ ಮತ್ತೊಂದು ಕಂಪನಿಯದು ಸಿದ್ಧವಿರಬೇಕು. ಕರೆಂಟ್ ಹೋದರೆ ಬ್ಯಾಟರಿ. ಅದೂ ನಮ್ಮ ಫ್ಯಾನಿಗಲ್ಲ, ಪೆಟ್ಟಿಗೆಗಳಿಗೆ. ಇದರ ಮೇಲೆ ನಿಮ್ಮ ಕಾಟ ಬೇರೆ! ನೀವು ಅವನ ಒಂದು ಜಾಲತಾಣದ ವಿಳಾಸಕ್ಕೆ ಬೀಗ ಜಡಿದಾಗಲೆಲ್ಲ ಅವನು ಇನ್ನೆರಡು ತೆರೆದು, ಅವಕ್ಕೆಂದು ಹೊಸ ಪೆಟ್ಟಿಗೆ ತರುತ್ತಾನೆ. 'ಕಳ್ಳಜಾಲದ ಮೇಲೆ ದಿಟ್ಟ ಕಾರ್ಯಾಚರಣೆ' ಎಂಬ ನಿಮ್ಮ ಪ್ರಕಟಣೆ ಓದಿದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಮೊದಲ ಕಾರ್ಯಾಚರಣೆಗೆ ನನ್ನ ಬೀರು ಕೋಣೆಯಿಂದ ಹೊರಬಿತ್ತು, ಎರಡನೆಯದಕ್ಕೆ ಮಂಚ, ಈ ಸಲದ್ದಕ್ಕೆ ತೊಟ್ಟಿಲು. ಇನ್ನೊಮ್ಮೆ ನೀವು ದಿಟ್ಟರಾದರೆ ನಾವು ಬೀದಿಗೆ.

ಮನೆಯಲ್ಲಿ ನನ್ನ ಮಾತಿಗೆ ಕವಡೆ ಕಿಮ್ಮತ್ತಿಲ್ಲ. "ಅವನ ಹೊಟ್ಟೆಪಾಡು ಕಣೇ, ಸ್ವಲ್ಪ ಅನುಸರಿಸ್ಕೋ" ಎನ್ನುತ್ತಾರೆ ನನ್ನ ಯಜಮಾನರು. ಅತ್ತೆಯವರಂತೂ ಗ್ರಾಹಕ ಸೇವೆಯ ಮುಖ್ಯಸ್ಥೆ. ಮನೆಯ ಫೋನ್ ಅವರ ಮಡಿಲು ಬಿಟ್ಟು ಇಳಿಯುವುದಿಲ್ಲ. "ಚಕ್ರ ಸುತ್ತುತ್ತಾನೇ ಇದ್ಯಾ? ಒಂದ್ಸಲ ಆರಿಸಿ ಹಾಕಪ್ಪ. ಅದೇ ಸಿನಿಮಾ ಬೇಕಾ? ಕೊನೇಲಿ ಹುಡುಗಿ ಸತ್ತೋಗ್ತಾಳೆ, ಬೇರೆ ನೋಡು."

ಹೋದ ವಾರ ಮೋಡ ಕವಿದು, ಸೆಕೆಯಿದ್ದರೂ ಬಟ್ಟೆ ಒಣಗಲಿಲ್ಲ. ಪೆಟ್ಟಿಗೆಗಳ ಬೆನ್ನಿನಿಂದ ಒಳ್ಳೆಯ ಬಿಸಿಗಾಳಿ ಬರುತ್ತದೆ. ಅಲ್ಲಿ ಬಟ್ಟೆ ಒಣಗಿಸುವ ಉಪಾಯ ಅತ್ತೆಯವರದೇ, ಆದರೆ ಅವರು ಹಾಕುವುದು ಒಂದೊಂದೇ ಕರವಸ್ತ್ರ. ನಾನು ಮಗಳ ಲಂಗೋಟಿಗಳನ್ನೆಲ್ಲ ಸಾಲಾಗಿ ಹರವಿಬಿಟ್ಟೆ. ಗಾಳಿಯಾಡದೆ ಪೆಟ್ಟಿಗೆಗಳು ಕಾದು ಒಂದರ ಹಿಂದೊಂದು ಆರಿಹೋದವು. "ಅತ್ತಿಗೆ, ಉಸಿರು ಕಟ್ಟಿದೆ ಅವಕ್ಕೆ!" ಎಂದು ಮೈದುನ ಬಿದ್ದಂಬೀಳ ಓಡಿಬಂದ, ಅವನ ಹಿಂದೆ ಯಜಮಾನರು, ಕೈಯಲ್ಲಿ ಮಗಳ ಬೀಸಣಿಗೆ. ನನ್ನ ಕೂಸಿಗೆ ಜ್ವರ ಬಂದಾಗ ಯಾರೂ ಹೀಗೆ ಓಡಿರಲಿಲ್ಲ. ಸಿಟ್ಟು ನೆತ್ತಿಗೇರಿತು, ಆಮೇಲೆ ಅಳು ಬಂತು.

ಆಗ ಬಂದ ಮೊದಲ ಕರೆ ಯಾರದು ಗೊತ್ತೇ? ನಿಮ್ಮ ಕಚೇರಿಯದು.

"ಅಮ್ಮಾ, ಕಳ್ಳಪ್ರತಿ ತಡೆ ವಿಭಾಗದಿಂದ. ಸಾಕ್ಷ್ಯಕ್ಕೆ ಅಂತ ನೋಡ್ತಾ ಇದ್ವಿ, ಕ್ಲೈಮ್ಯಾಕ್ಸಲ್ಲೇ ನಿಂತೋಯ್ತು. ಬೇಗ ಸರಿ ಮಾಡಿಸಿ."

"ಸೊಸೆ ಮಗು ಬಟ್ಟೆ ಒಣಗಾಕಿದ್ಲು ಸಾರ್, ಈಗ್ಲೇ ತೆಗಿಸ್ತೀನಿ" ಎಂದು ಅತ್ತೆ ಕ್ಷಮೆ ಕೇಳಿದರು. ಫೋನಿನ ಸ್ಪೀಕರಿನಲ್ಲಿ ಅತ್ತ ಕಡೆಯ ಇನ್ನೊಂದು ದನಿ, "ಸೌಂಡೂ ಕಮ್ಮಿ ಇದೆ ಅಂತ ಹೇಳ್ರೀ" ಎಂದಿತು. ಮಾನ್ಯರೇ, ನಮ್ಮ ಫೋನ್ ನಂಬರ್ ಬಾಯಿಪಾಠ ಇರುವವರಿಗೆ ನಮ್ಮ ಮನೆಯ ಬಾಗಿಲು ಸಿಗುವುದಿಲ್ಲವೇ? ಸಾಕ್ಷ್ಯ ಪೂರ್ತಿಯಾಗಲು ಇನ್ನೆಷ್ಟು ಸಿನಿಮಾ ಬಾಕಿ ಇವೆ?

ನಾನು ಕೇಳುವುದು ಇಷ್ಟೇ. ಬೀಗ ಜಡಿಯುವ ಆಟ ಬಿಟ್ಟು ಮನೆಗೇ ದಾಳಿಯಿಡಿ. ದೊಡ್ಡ ಗಾಡಿ ತನ್ನಿ. ಪೆಟ್ಟಿಗೆ, ಡಿಸ್ಕು, ಬ್ಯಾಟರಿ, ವೈರು ಎಲ್ಲ ಹೊತ್ತುಕೊಂಡು ಹೋಗಿ, ಬಾಗಿಲು ನಾನೇ ತೆರೆಯುತ್ತೇನೆ. ಮೈದುನನನ್ನು ಗದರಿಸಿ, ಹೊಡೆಯಬೇಡಿ, ಹುಡುಗ ಒಳ್ಳೆಯವನು. ಅತ್ತೆಯವರನ್ನು ನಾನು ಸಮಾಧಾನ ಮಾಡಿಕೊಳ್ಳುತ್ತೇನೆ. ಆದರೆ ಜಪ್ತಿ ಮಾಡುವಾಗ ನಿಮ್ಮವರು ಒಮ್ಮೆ ತಲೆಯೆತ್ತಿ ಗೋಡೆ ನೋಡಲಿ. ಅಲ್ಲಿರುವ ಎಸಿ ಯಾವ ಸಿನಿಮಾವನ್ನೂ ಕದ್ದಿಲ್ಲ. ಅದನ್ನು ಬಿಟ್ಟು ಹೋಗಿ.

ಇಂತಿ,
ನಡುಮನೆಯಲ್ಲಿ ಬೆವರೊರೆಸುತ್ತ ಕೂತಿರುವ,
ನಿಮ್ಮ ಕಚೇರಿಯ ಮೆಚ್ಚಿನ ಚಿತ್ರಮಂದಿರದ ಅತ್ತಿಗೆ