ಆರು ನಿಮಿಷದ ಸೊನ್ನೆ

ಅಪರೂಪದ ಕಾಯಿಲೆಗಳ ಔಷಧಿಯ ಯೋಗ್ಯತೆ ಅಳೆಯುವ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಡೆಯಲಾಗದ ನನ್ನ ತಂಗಿ ನಡೆಯಲಿಲ್ಲ ಎಂಬ ಕಾರಣಕ್ಕೆ ನೀವು ಅವಳ ಔಷಧಿ ನಿಲ್ಲಿಸುತ್ತಿದ್ದೀರಿ. ನಿಮ್ಮ ಹನ್ನೆರಡು ಪುಟದ ಆದೇಶದ ಸಾರ ಇಷ್ಟೇ. ಉಳಿದದ್ದೆಲ್ಲ ಸದಸ್ಯರ ಪದವಿಗಳ ಪಟ್ಟಿ.

ಯಾರೋ ಅಳುಬುರುಕಿ ಬರೆದಿದ್ದಾಳೆಂದು ಇದನ್ನು ಕಡತದ ಅಡಿಗೆ ತಳ್ಳುವ ಮೊದಲು ನನ್ನ ಪರಿಚಯ ಕೇಳಿ. ಔಷಧ ಪರೀಕ್ಷೆಯ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷದಿಂದ ಸೋನಾಮುಖಿ ಎಲೆಯಲ್ಲಿ ಭೇದಿ ಮಾಡಿಸುವ ಅಂಶ ಎಷ್ಟಿದೆ ಎಂದು ಅಳೆಯುತ್ತಿದ್ದೇನೆ. ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಮನೆಯವರು ಮಾತು ಬದಲಿಸುತ್ತಾರೆ. ಪರವಾಗಿಲ್ಲ. ನಿಮ್ಮ ಸದಸ್ಯರಲ್ಲಿ ಯಾರಾದರೂ ಬೆಳಗ್ಗೆ ನಿರಾಳವಾಗಿ ಬಂದು ಸಭೆಯಲ್ಲಿ ಕೂರುತ್ತಿದ್ದರೆ ಅದರಲ್ಲಿ ನನ್ನ ಅಳಿಲು ಸೇವೆಯೂ ಇರಬಹುದು.

ತಂಗಿ ದರ್ಜಿ. ಸ್ನಾಯು ಸೊರಗುವ ಕಾಯಿಲೆ ಆರು ವರ್ಷದ ಹಿಂದೆಯೇ ಅವಳ ಕಾಲು ಕಸಿದುಕೊಂಡಿತು, ಆಮೇಲೆ ಕೈಗೆ ಬಂತು. ಕತ್ತರಿ ಹಿಡಿದರೆ ಒತ್ತಲು ಬೆರಳಿಗೆ ಶಕ್ತಿ ಇರಲಿಲ್ಲ. ಅವಳ ಬದಲು ಬಟ್ಟೆ ಕತ್ತರಿಸಿಕೊಡಲು ಹೋಗಿ ನಾನು ಯಾರದೋ ಅಂಗಿಯ ಎರಡೂ ತೋಳನ್ನು ಎಡಗೈಗೇ ಕತ್ತರಿಸಿಟ್ಟೆ. ಪ್ರಯೋಗಕ್ಕೆಂದು ಈ ಔಷಧಿಯ ಚುಚ್ಚುಮದ್ದು ಶುರುವಾದ ಏಳನೇ ತಿಂಗಳು, ಅಡುಗೆಮನೆಯಲ್ಲಿದ್ದ ನನಗೆ ಬಟ್ಟೆ ಕತ್ತರಿಸುವ ಸದ್ದು ಕೇಳಿಸಿತು. ಬಂದು ನೋಡಿದರೆ ಅವಳು ಒಂದು ಕಾಲರ್ ಪೂರ್ತಿ ಕತ್ತರಿಸಿ ಮುಗಿಸಿದ್ದಳು. ನಾನು ಒಳಗೆ ಹೋಗಿ ಅತ್ತೆ.

ಇದನ್ನು ನಿಮ್ಮವರು ಅಳೆದದ್ದು ಹೇಗೆ? ಆರು ನಿಮಿಷದಲ್ಲಿ ರೋಗಿ ಎಷ್ಟು ದೂರ ನಡೆಯುತ್ತಾರೆ ಎಂಬ ಪರೀಕ್ಷೆಯಿಂದ! ಔಷಧಿ ಶುರುವಾಗುವ ಮೊದಲೊಮ್ಮೆ, ಹನ್ನೊಂದು ತಿಂಗಳ ನಂತರ ಇನ್ನೊಮ್ಮೆ, ಅವಳ ಗಾಲಿಕುರ್ಚಿಯನ್ನು ಆಸ್ಪತ್ರೆಯ ಕಾರಿಡಾರಿನ ಹಳದಿ ಗೆರೆಯ ಹಿಂದೆ ನಿಲ್ಲಿಸಿ, ಗಡಿಯಾರ ಒತ್ತಿ, ಆರು ನಿಮಿಷ ಕಾದು, ‘ಸೊನ್ನೆ ಮೀಟರ್’ ಎಂದು ಬರೆದುಕೊಂಡರು. ಎರಡನೇ ಪರೀಕ್ಷೆ ಮುಗಿಸಿ ಮನೆಗೆ ಬಂದ ತಂಗಿ ಹೇಳಿದಳು: “ನಂಗೇ ಪಾಪ ಅನ್ನಿಸ್ತು ಅಕ್ಕಾ. ಆ ಹುಡುಗಿ ಗಡಿಯಾರ ಹಿಡ್ಕೊಂಡು ನಿಂತೇ ಇದ್ಳು. ಕೈ ನೋಡಿ ಅಂದೆ. ಕೈಗೆ ಈ ಫಾರಂನಲ್ಲಿ ಜಾಗ ಇಲ್ಲ ಅಂದ್ಳು.”

ಮೊದಲು ಸೊನ್ನೆ, ಆಮೇಲೂ ಸೊನ್ನೆ, ಆದ್ದರಿಂದ ಔಷಧಿಯ ಪ್ರಯೋಜನವೂ ಸೊನ್ನೆ. ಪ್ರಯೋಗಕ್ಕೆ ಸೇರಿದವರಲ್ಲಿ ಗಾಲಿಕುರ್ಚಿಯಲ್ಲಿದ್ದ ಒಂಬತ್ತು ಮಂದಿಗೂ ಇದೇ ಲೆಕ್ಕ. ಇಷ್ಟು ವಿದ್ವಾಂಸರು ಮೇಜಿನ ಸುತ್ತ ಕೂತಿದ್ದಿರಲ್ಲ, ಕೂತವರನ್ನು ನಡೆಸಿ ನೋಡುವುದು ಸರಿಯಲ್ಲವೆಂದು ಒಬ್ಬರಿಗೂ ಹೊಳೆಯಲಿಲ್ಲವೇ?

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಇಂಥದೇ ತಪ್ಪು ಮಾಡಿದ್ದೆ. ಬೆಳಕು ಹಾಯಿಸಿ ಅಳೆಯುವ ಯಂತ್ರದ ದೀಪ ಸುಟ್ಟುಹೋಗಿದ್ದನ್ನು ಗಮನಿಸದೆ ಎಲೆಯ ಆರು ಮಾದರಿಗೂ ಸೊನ್ನೆ ಬರೆದೆ. ನಮ್ಮ ಹಿರಿಯ ಪರೀಕ್ಷಕರು ಹಾಳೆ ನೋಡಿ, “ಎಲೇಲಿ ಇಲ್ಲ ಅಂತಾನಾ, ನಿಂಗೆ ಕಾಣ್ಲಿಲ್ಲ ಅಂತಾನಾ?” ಎಂದು ಕೇಳಿದರು. ಸೊನ್ನೆ ಹೊಡೆದು ಹಾಕಿಸಿ, ‘ಅಳತೆಯಾಗಿಲ್ಲ’ ಎಂದು ಬರೆಸಿ, ಪಕ್ಕದಲ್ಲಿ ಸಹಿ ಮಾಡಿಸಿ, ಆರನ್ನೂ ಮೊದಲಿಂದ ಮಾಡಿಸಿದರು. ಅವತ್ತು ನಾಚಿಕೆಯಿಂದ ಊಟ ಸೇರಲಿಲ್ಲ. ಭೇದಿಯ ಎಲೆಗೆ ಸಿಗುವ ಈ ಮರ್ಯಾದೆ ನನ್ನ ತಂಗಿಯ ಕೈಗೆ ಯಾಕೆ ಸಿಗುವುದಿಲ್ಲ?

ನಿಮ್ಮ ಕರುಣೆ ನನಗೆ ಬೇಡ, ಮನೆಯಲ್ಲೇ ಸಾಕಷ್ಟಿದೆ. ಆ ಒಂಬತ್ತು ಸೊನ್ನೆಗಳನ್ನು ಹೊಡೆದು ಹಾಕಿ ‘ಅಳತೆಯಾಗಿಲ್ಲ’ ಎಂದು ಬರೆಯಿರಿ, ಪಕ್ಕದಲ್ಲಿ ನೀವೇ ಸಹಿ ಮಾಡಿ. ಅವರ ಕೈಗಳನ್ನು ಅಳೆಯಿರಿ. ಅಳೆದು ಮುಗಿಯುವವರೆಗೆ ಔಷಧಿ ನಿಲ್ಲಿಸಬೇಡಿ.

ಬೇಗ ಮಾಡಿ. ಆದೇಶ ತಲುಪಿದ ದಿನದಿಂದ ತಂಗಿ ಹೊಲಿಯುತ್ತಿಲ್ಲ, ಬರೀ ಕತ್ತರಿಸುತ್ತಿದ್ದಾಳೆ. ಮಂಚದ ಮೇಲೆ ಜಾಗವಿಲ್ಲದಷ್ಟು ಕಾಲರು, ತೋಳು, ಬೆನ್ನು. ಏನಿದು ಎಂದು ಕೇಳಿದೆ.

“ಕೈ ಇರೋವಾಗ್ಲೇ ಕತ್ತರಿಸಿಟ್ಬಿಡ್ತೀನಿ ಅಕ್ಕಾ. ಆಮೇಲೆ ಹೊಲಿಗೆ ನೀನು ಹಾಕು. ತೋಳು ಮಾತ್ರ ನೀನು ಕತ್ತರಿಸೋಕೆ ಹೋಗ್ಬೇಡ.”

ಇಂತಿ,
ಎರಡೂ ತೋಳನ್ನು ಎಡಗೈಗೇ ಕತ್ತರಿಸಿದ ಅಕ್ಕ